ಅಕ್ಷರಕ್ಕೆ ಇಪ್ಪತ್ತು ರೂಪಾಯಿ

ಬೈತಖೋಲದ ಐಸ್ ಫ್ಯಾಕ್ಟರಿಯ ಗೋಡೆ, ಕಡಲಿಗೆ ಮುಖ.
ಮೀನುಗಾರರ ಸಂಘದವರು ಚೀಟಿ ಕೊಟ್ಟಿದ್ದಾರೆ:
ಮಾಜಿ ಅಧ್ಯಕ್ಷ ದಿ. ಪುಂಡಲೀಕ ರಾಮಾ ತಾಂಡೇಲ.
ಕೆಳಗೊಂದು ಸಾಲು, ಅವರ ಆದರ್ಶ.
ಆ ಸಾಲು ಮಾತ್ರ ಚೀಟಿಯಲ್ಲಿಲ್ಲ.
'ಅದ ನೀನೇ ಬರಿ ಮಾರಾಯ, ಊರಿಗೆ ಒಪ್ಪಿಗೆ ಆಗೂ ಹಾಂಗೆ'
ಎಂದ ಸೆಕ್ರೆಟರಿ, ಮೊಪೆಡ್ಡಿನಿಂದ ಇಳಿಯದೆ.

ನನ್ನ ದರ ಅಕ್ಷರಕ್ಕೆ ಇಪ್ಪತ್ತು.
ದೀರ್ಘಕ್ಕೆ, ಕೊಂಬಿಗೆ, ಸೊನ್ನೆಗೆ ಕಾಸಿಲ್ಲ.
ಒತ್ತಿಗೆ ಐದು; ಅದು ಜಾಗ ಬೇಡುತ್ತದೆ, ಮಣಿಕಟ್ಟು ಬಗ್ಗಬೇಕು.
ಬೋಟಿನ ನಂಬರಿಗಾದರೆ ಚೌಕಾಸಿ ಮಾಡಬಹುದು,
ಸತ್ತವರಿಗೆ ಇಲ್ಲ.
ಅಧ್ಯಕ್ಷ: ಮೂರಕ್ಷರ, ಎರಡು ಒತ್ತು.
ಆದರ್ಶ: ಅದೂ ಮೂರೇ, ತುದಿಗೊಂದು ಅರ್ಕಾವತ್ತು,
ಬಾಯಲ್ಲಿ ಮೊದಲು ಬರುವಂಥದ್ದು,
ಗೋಡೆಯಲ್ಲಿ ಆಮೇಲೆ.

ಸುಣ್ಣದ ದಾರ ಹಿಡಿದು ಚಿಟಿಕೆ ಹೊಡೆದೆ. ಗೆರೆ ಬಿತ್ತು.

ಬಾಬುಸಾಬ ಬಲೆಯ ಹರಕಿಗೆ ಸೂಜಿ ಹಾಕುತ್ತಿದ್ದ.
'ಐಸ್ ತಂದವ ಅಂವ. ಅದಕ್ಕಿಂತ ಮುಂಚೆ
ಮಧ್ಯಾಹ್ನಕ್ಕೇ ಬಾಂಗಡೆ ಕಣ್ಣು ಬಿಳಿ ಮಾಡ್ತಿತ್ತು.
ಐಸ್ ಅಂತ ಬರಿ, ಸಾಕು.'
ಎರಡಕ್ಷರ. ಸಂಘಕ್ಕೂ ಅಗ್ಗ.

ಬುಟ್ಟಿ ಇಳಿಸಿದ ಶೇವಂತಿ ಬಾನಾವಳಿಕರ್ ಎಲೆ ಉಗುಳಿದಳು:
'ಐಸು ತಂದ, ಸರಿ. ಐಸಿನ ದರ ಏರಿಸಿದ್ದು ಯಾರು?
ಗಂಡಸರ ಬೋಟಿಗೆ ಸಾಲ, ನಮ್ಮ ಬುಟ್ಟಿಗೆ ಭಾಷಣ.
ಮಾರ್ಕೆಟಿಗೆ ಮಾಡು ಹಾಕಿಸ್ತೆ ಅಂದ.
ಹನ್ನೊಂದು ಮಳೆಗಾಲ ಕೊಡೆ ಹಿಡ್ಕಂಡೇ ಮೀನು ಮಾರಿದ್ದೇವೆ.
ಬರೂದಾದ್ರೆ ನನ್ನ ಕೊಡೆ ಬರಿ.'
ಹತ್ತು ಹೆಜ್ಜೆ ಹೋದವಳು ತಿರುಗಿ ಬಂದಳು.
'ನನ್ನ ಮಗನ ಬೋಟು ಮರಳದೆ ಇದ್ದಾಗ
ಮೂರು ರಾತ್ರಿ ಜೆಟ್ಟಿಯ ಮೇಲೆ ನನ್ನ ಜೊತೆ ಕೂತವ ಅಂವ ಒಬ್ಬನೇ.
ಒಂದು ಮಾತೂ ಆಡಲಿಲ್ಲ.
ಅದ ಬರಿಬೇಡ. ಅದು ನಂದು.'

ಪುಂಡಲೀಕ, ನಾಲ್ಕು. ರಾಮಾ, ಎರಡು. ತಾಂಡೇಲ, ಮೂರು.
ನೀಲಿಯಲ್ಲಿ ಬರೆದು ಬಿಳಿಯ ನೆರಳು ಕೊಟ್ಟೆ.
ಅವನ ಮೊದಲ ಚುನಾವಣೆಯ ಬಟ್ಟೆ ಬ್ಯಾನರೂ ನನ್ನದೇ ಕೈ.
ಮುನ್ನೂರ ಇಪ್ಪತ್ತು ಬಾಕಿ ಇತ್ತು, ಕೊಡಲಿಲ್ಲ.
ಇವತ್ತಿನ ದರಕ್ಕೆ ಹದಿನಾರು ಅಕ್ಷರ.
ಹದಿನಾರರಲ್ಲಿ ಒಬ್ಬನನ್ನು ಬೈಯಬಹುದು,
ಹೊಗಳಲೂಬಹುದು. ಎರಡೂ ಮಾಡಿ ನೋಡಿದೆ ಮನಸ್ಸಿನಲ್ಲೇ.

ಯಶವಂತ ಮಾಜಾಳಿಕರ್ ಊರುಗೋಲಿನಿಂದ ಅಕ್ಷರ ತೋರಿಸಿ ಓದಿದ.
'ನಾಲ್ಕು ಸಲ ಸೋತೆ ಇವನೆದುರು.
ಮೋಸದಿಂದ ಗೆದ್ದ ಅಂತ ಊರಿಡೀ ಸಾರಿದೆ.'
ಕೆಮ್ಮು ಬಂತು, ಕೆಮ್ಮಿ ಮುಗಿಸಿದ.
'ಮೋಸ ಎರಡೇ ಸಲ. ಉಳಿದೆರಡು ಸಲ ಜನ ಹಾಕಿದ್ದೇ.
ನಾ ಹೇಳಿದೆ ಅಂತ ಹೇಳಬೇಡ.'

ಟ್ರಾಲರಿನಿಂದ ಹಾರಿದ ಹುಡುಗ: 'ಇಂವ ಯಾರು?'

ಬಣ್ಣ ತೆಳು ಮಾಡಲು ನೀರು ಕೇಳಿ ಅವರ ಮನೆಗೇ ಹೋದೆ.
ಟರ್ಪಂಟೈನ್ ಬೇಕಿತ್ತು, ನೀರು ನೆಪ.
ದ್ವಾರಕಾಬಾಯಿ ತಂಬಿಗೆ ಕೊಟ್ಟು ನಿಂತರು.
'ಆದರ್ಶವಾ? ನಂಗೆ ಗೊತ್ತಿಲ್ಲ, ಅದು ಆಫೀಸಿನಲ್ಲೇ ಇರ್ತಿತ್ತೇನೋ.
ಮೀನು ತಿಂದ ಮೇಲೆ ಮುಳ್ಳೆಲ್ಲ ತಟ್ಟೆಯ ಅಂಚಿಗೆ
ಸಾಲಾಗಿ ಇಡ್ತಿದ್ರು, ಚಿಕ್ಕದರಿಂದ ದೊಡ್ಡದಕ್ಕೆ.
ತೊಳೆಯುವಾಗ ಕೆಡಿಸೂಕೆ ಬೇಜಾರು ಬರೂದು.'
ಮತ್ತೆ ಕೇಳಿದರು: 'ಮಾಜಿ ಅಂತ ಯಾಕೆ?
ಸತ್ತವರೆಲ್ಲ ಮಾಜಿಯೇ ಅಲ್ದಾ?
ಆ ನಲವತ್ತು ರೂಪಾಯಿ ಉಳಿಸು.'

ಸಂಜೆ. ಕೂರ್ಮಗಡದ ಹಿಂದೆ ಬೆಳಕು ಕೆಂಪಾಗಿ ಕುಗ್ಗಿತು.
ಮಾಜಿ ಬಿಟ್ಟೆ. ಹೆಸರು ಮುಗಿಯಿತು.
ಕೆಳಗೆ ಎರಡು ಸುಣ್ಣದ ಗೆರೆ, ನಡುವೆ ಏನೂ ಇಲ್ಲ.
ಆ ಖಾಲಿಗೆ ಬೆನ್ನು ಕೊಟ್ಟು ಶೇವಂತಿ ಚಿಲ್ಲರೆ ಎಣಿಸುತ್ತಿದ್ದಳು;
ಎದ್ದಾಗ ಸೀರೆಯ ಮೇಲೆ ಗೆರೆಯ ಅರ್ಧ ಹೋಯಿತು.

ಸೆಕ್ರೆಟರಿಯ ಫೋನು: 'ಆಯ್ತಾ ಆ ಸಾಲು?'
'ಒಣಗ್ತಾ ಅದೆ' ಎಂದೆ.