ಗುಂಡಿ ಡಬ್ಬಿ

ಮೊದಲು ದಾಳ ಉರುಳಿಸುತ್ತಿದ್ದೆವು,
ಹೆಚ್ಚು ಬಿದ್ದವರದೇ ಮೊದಲ ಏಟು.
ಒಂಬತ್ತು ವಾರ ತಾಪಿಯೊನದೇ ಕತ್ತಿ ಮುಂದೆ;
ಮಿಕ್ಕವರ ಸರದಿ ಬರುವಷ್ಟರಲ್ಲಿ
ಹೊಡೆಯಲು ರಾಕ್ಷಸನೇ ಇರುತ್ತಿರಲಿಲ್ಲ.

ಈಗ ಬಿಸ್ಕತ್ತಿನ ಡಬ್ಬಿಯಲ್ಲಿ ಅಂಗಿಗುಂಡಿಗಳು.
ಹಸಿರು ಹಿಲ್ಕಾಳದು, ಎರಡು ತೂತಿನ ಬಿಳಿ ತಾಪಿಯೊನದು,
ಅವನಜ್ಜನ ಸೈನ್ಯದ ಕೋಟಿನ ಹಿತ್ತಾಳೆ ಗುಂಡಿ
ರಾಕ್ಷಸನದು, ಎಂದರೆ ನನ್ನದು.
ಕಣ್ಣು ಮುಚ್ಚಿ ಕೈ ಹಾಕಬೇಕು.
ಸವರಿ ಗುರುತು ಹಿಡಿಯುವುದು ಮೋಸ.
(ಹಿಡಿಯುತ್ತೇವೆ.)

ತಾಂಪೆರೆ, ನವೆಂಬರ್, ನೆಲಮಾಳಿಗೆ.
ಗೋಡೆಯಾಚೆ ಇಡೀ ಕಟ್ಟಡದ ಬಟ್ಟೆ ಒಗೆಯುವ ಯಂತ್ರ
ಗಿರಗಿರನೆ ಹಿಂಡುವಾಗ ಮೇಜು ನಡುಗಿ
ತವರದ ಯೋಧರು ಅರ್ಧ ಚೌಕ ಸರಿಯುತ್ತಾರೆ.
ಅದು ನಡೆಯಲ್ಲ ಎಂಬುದು ಎರಡನೆಯ ನಿಯಮ.

ಮೂರನೆಯದು ಮರಳು ಗಡಿಯಾರ:
ನಿಮಿಷದೊಳಗೆ ಹೇಳದಿದ್ದರೆ ಸರದಿ ಹೋಯಿತು.
ಬರೆದವನು ನಾನೇ, ದಪ್ಪಕ್ಷರದಲ್ಲಿ.

ಆಮೇಲೆ ಬಂದ ತೂರೆ.
"ನಾನು ಬಾ... ಬಾ..."
ಬಾಣವೋ ಬಾಕುವೋ ತಿಳಿಯುವ ಮುನ್ನ
ಮರಳು ಮುಗಿದಿತ್ತು.
ನಿಯಮದಂತೆ ನಾನು ಕೊಡಲಿ ಬೀಸಿದೆ.

ಯಾರೂ ಮತ ಹಾಕಲಿಲ್ಲ. ಹಾಳೆಯಲ್ಲಿ ಏನೂ ತಿದ್ದಲಿಲ್ಲ.
ಮುಂದಿನ ಗುರುವಾರ ಅವನ ಗುಂಡಿ ಬಂದಾಗ
ಹಿಲ್ಕಾ, ಕಾಫಿಗೆ ಕೈ ಚಾಚಿದವಳಂತೆ,
ಗಡಿಯಾರವನ್ನು ಅಡ್ಡ ಮಲಗಿಸಿದಳು.
ಎರಡೂ ಬುರುಡೆಗಳಲ್ಲಿ ಮರಳು ನಿಂತಿತು.
ಎತ್ತಿದ ಕೊಡಲಿ ಎತ್ತಿದಂತೆಯೇ.
ಪಕ್ಕದಲ್ಲಿ ಯಾರದೋ ಹೊದಿಕೆ
ಸುತ್ತುತ್ತಲೇ ಇತ್ತು, ಸುತ್ತುತ್ತಲೇ ಇತ್ತು.

"ಬಾ... ಬಾಗಿಲು," ಅಂದ ತೂರೆ, "ಮುಚ್ಚಿಬಿಡ್ತೀನಿ."

ಬಾಗಿಲು!
ಮೂರು ವಾರದಿಂದ ಅಲ್ಲೇ ತೆರೆದಿತ್ತು.
ನಮಗ್ಯಾರಿಗೂ ಹೊಳೆದಿರಲಿಲ್ಲ.