ಇನ್ನೊಬ್ಬ ಓತಾರ್

ರಾತ್ರಿ ಹನ್ನೊಂದಕ್ಕೆ ಕರೆಂಟು ಬಂತು.
ಕುತೈಸಿಯಲ್ಲಿ ಆ ಚಳಿಗಾಲ ಅದು ನೆಂಟನ ಹಾಗೆ,
ಎಷ್ಟು ಹೊತ್ತು ಕೂರುತ್ತೀ ಎಂದು ಕೇಳುವಂತಿಲ್ಲ.
ಕೋಟಿನ ಮೇಲೆ ಕೋಟು ಹಾಕಿ ನೆಲಮಹಡಿಯ ಪ್ರೆಸ್ಸಿಗಿಳಿದೆ,
ಕಂಪ್ಯೂಟರನ್ನೆಬ್ಬಿಸಿದೆ.
ಬೆಳಗಿನೊಳಗೆ ಒಂದು ಸಾವಿನ ಕಾಗದ ಅಚ್ಚಾಗಬೇಕಿತ್ತು,
ಮೂರನೇ ಮಹಡಿಯ ಓತಾರ್‌ನದು.

ತೆರೆಯ ಮೇಲೆ ಅಕ್ಷರವೇ ಇಲ್ಲ.
ಸಾಲಿಗೆ ಸಾಲು ಖಾಲಿ ಚೌಕ,
ದೀಪವಿಲ್ಲದ ನಮ್ಮದೇ ಕಟ್ಟಡದ ಕಿಟಕಿಗಳ ಹಾಗೆ.
ಇಪ್ಪತ್ತೆರಡು ವರ್ಷ ಸೀಸದ ಮೊಳೆ ಜೋಡಿಸಿದ ಕೈ ನನ್ನದು.
ಮೊಳೆ ಸವೆಯುವುದು ಗೊತ್ತು, ಜಾರಿ ನೆಲದ ತುಂಬ ಚೆಲ್ಲುವುದು ಗೊತ್ತು.
ಇಡೀ ಲಿಪಿಯೇ ಮುನಿಸಿಕೊಂಡು ಎದ್ದು ಹೋಗುವುದು
ಗೊತ್ತಿರಲಿಲ್ಲ.

ಗೋಚನ ಬಾಗಿಲು ಬಡಿದೆ.
ಕಂಬಳಿ ಹೊದ್ದೇ ಬಂದ, ಒಂದು ಕಾಲಿಗೆ ಹೆಂಡತಿಯ ಚಪ್ಪಲಿ.
‘ಇದರೊಳಗೆ ಹೊಸದೇನು ಹಾಕಿದಿರಿ?’
‘ನಾನಲ್ಲ. ವಾಝಾ. ನಿನ್ನೆ ಲೆಕ್ಕದ ತಂತ್ರಾಂಶ.’
‘ಹಾಕುವಾಗ ಅದು ಏನಾದರೂ ಕೇಳಿತಾ?’

ಕೇಳಿತ್ತಂತೆ.
ಇಲ್ಲಿರುವ ಕಡತ ಹೊಸದು, ನಾನು ತಂದಿರುವುದು ಹಳೆಯದು,
ಇದನ್ನಳಿಸಿ ಅದನ್ನಿಡಲೇ, ಎಂದು.
ಕರೆಂಟು ಹೋಗುವ ಮೊದಲು ಮುಗಿದರೆ ಸಾಕೆಂದು
ವಾಝಾ ಹೌದು ಒತ್ತಿದ್ದ. ಮತ್ತೆ ಹೌದು. ಎಲ್ಲದಕ್ಕೂ ಹೌದು.
ಪುಣ್ಯಾತ್ಮ, ಸಾಲ ಕೇಳಿದರೆ ಮಾತ್ರ ಇಲ್ಲ ಅನ್ನುತ್ತಾನೆ.

ಗೋಚ ವಿವರಿಸಿದ: ಕಡತ ಒಂದೇ,
ನಿಮ್ಮ ಅಚ್ಚೂ ಅವನ ಲೆಕ್ಕವೂ ಅದರಿಂದಲೇ ಅಕ್ಷರ ಬರೆಸಿಕೊಳ್ಳುವುದು.
ಹೆಚ್ಚು ಹೇಳಬೇಕಾಗಲಿಲ್ಲ. ನಮ್ಮ ಮೆಟ್ಟಿಲಿಗೆ
ಸೀಮೆಎಣ್ಣೆ ಸ್ಟೌ ಒಂದು, ಉಣ್ಣುವ ಮನೆ ಮೂರು.
‘ತನ್ನ ಬಾಣಲೆಗೆ ಸರಿಯಾಗಲಿ ಅಂತ ಬತ್ತಿ ಬದಲಾಯಿಸಿದ್ದಾನೆ’ ಅಂದೆ.

ಏಳು ಫ್ಲಾಪಿಗಳಲ್ಲಿ ಬೇಕಾದದ್ದು ಮೂರನೆಯದರಲ್ಲಿತ್ತು.
ಡ್ರೈವು ಕಡಲೆ ಅಗಿಯುವ ಮುದುಕಿಯ ಹಾಗೆ ಕಟಕಟಿಸಿತು.
ಹನ್ನೆರಡೂ ಹತ್ತು.
‘ಹೊಸದನ್ನೇ ಮತ್ತೆ ಅಲ್ಲಿಡು, ಮುಗೀತಲ್ಲ.’
‘ಇಟ್ಟರೆ ನಾಳೆ ವಾಝಾನ ಲೆಕ್ಕ ಮಕಾಡೆ.
ಅವನು ಮತ್ತೆ ಹೌದು ಒತ್ತುತ್ತಾನೆ,
ನೀವು ಮತ್ತೆ ನನ್ನ ಬಾಗಿಲು ಬಡಿಯುತ್ತೀರಿ.’

ಕಾರ್ಯಕ್ರಮ ಮೊದಲು ತನ್ನ ಮನೆಯ ನಾಗೊಂದಿಗೆಯನ್ನೇ ತಡಕುವುದಂತೆ,
ಅಲ್ಲಿ ಸಿಗದಿದ್ದರೆ ಮಾತ್ರ ಊರ ಉಗ್ರಾಣಕ್ಕೆ ಹೋಗುವುದಂತೆ.
ಹಾಗಾದರೆ ಹೊಸದು ನಿಮ್ಮ ಮನೆಯೊಳಗಿರಲಿ,
ಹಳೆಯದು ಅವನದರಲ್ಲಿ.
ಒಲೆ ಬೇರೆ ಮಾಡುವುದು, ಅಷ್ಟೆ; ಜಗಳವೂ ಇಲ್ಲ, ಪಾಲುಪಟ್ಟಿಯೂ ಇಲ್ಲ.

‘ಎರಡಕ್ಕೂ ಒಂದೇ ಹೆಸರಲ್ಲವೇ, ಗುರುತು ಹೇಗೆ?’
‘ಹುಟ್ಟಿದ ದಿನ ನೋಡಿ. ತೂಕ ನೋಡಿ. ಹೆಸರು ನಂಬಬೇಡಿ.’

ನಗು ಬಂತು ನನಗೆ, ಸಾವಿನ ಕಾಗದದ ಮುಂದೆ ಕೂತು.
ಆ ಸಂಜೆ ರಿಯೋನಿ ಹೊಳೆಯಾಚೆಯಿಂದ ಯಾರೋ ಬಂದು
ಮೊದಲನೇ ಮಹಡಿಯ ಬಾಗಿಲು ತಟ್ಟಿ
ಹೂಚಕ್ರ ಹಿಡಿದು ಅಳುತ್ತ ನಿಂತಿದ್ದರು.
ಬಾಗಿಲು ತೆಗೆದವನು ಓತಾರ್.
ನಮ್ಮ ಮೆಟ್ಟಿಲಿಗೆ ಓತಾರ್ ಇಬ್ಬರು.
ಸತ್ತವನು ಸೆವೆರಿಯನ್ನನ ಮಗ, ಇವನು ಬೆಸಾರಿಯನ್ನನ ಮಗ;
ಖಾಲಿ ಚೌಕಗಳಲ್ಲಿ ಬರೆದರೆ
ಇಬ್ಬರಿಗೂ ಒಬ್ಬನೇ ಅಪ್ಪ.

ಕಪ್ಪು ತೆರೆಗೆ ಹೋಗಿ, ನಾಲ್ಕು ಸಾಲು ಕುಟ್ಟಿ,
ಮತ್ತೆ ಯಂತ್ರ ಎಬ್ಬಿಸಿದ ಗೋಚ.
ಉಸಿರು ಬಿಗಿಹಿಡಿದು ಕಾದೆವು.
ಮೊದಲು ಒಂದು ಕೊಕ್ಕೆ ಬಂತು, ಆಮೇಲೆ ಒಂದು ಬಳುಕು,
ಆಮೇಲೆ ನಮ್ಮ ಬಳ್ಳಿಯಂಥ ಅಕ್ಷರಗಳು ಇಡೀ ಪುಟಕ್ಕೆ ಹಬ್ಬಿದವು.
ಮುದ್ರಕ ನಲವತ್ತನೇ ಹಾಳೆ ಉಗುಳುವಾಗ
ಕರೆಂಟು ಹೋಯಿತು.
ನಲವತ್ತೊಂದನೆಯದು ಅರ್ಧ ಹೊರಗೆ, ಅರ್ಧ ಒಳಗೆ.

ಬೆಳಿಗ್ಗೆ ಹೊರಬಾಗಿಲಿಗೆ ಒಂದನ್ನು ಅಂಟಿಸಿದೆ.
ಬದುಕಿರುವ ಓತಾರ್ ಕನ್ನಡಕ ಒರೆಸಿಕೊಂಡು ಬಂದ,
ಅಪ್ಪನ ಹೆಸರಿನ ಮೇಲೆ ಬೆರಳಿಟ್ಟು
ಒಂದೊಂದೇ ಅಕ್ಷರ ಓದಿದ,
ಬಹಳ ಹೊತ್ತು ಬೆರಳು ತೆಗೆಯಲಿಲ್ಲ.

ಅವತ್ತು ಸ್ಟೌವಿನ ಸರದಿ ಅವನದು.
ಎರಡೂ ಕೈಯಲ್ಲಿ ಎತ್ತಿಕೊಂಡು, ಎಣ್ಣೆ ತುಳುಕದ ಹಾಗೆ,
ಮೂರನೇ ಮಹಡಿಗೆ ಹತ್ತಿದ.