ತುಕ್ಕಿನ ಲೆಕ್ಕ

ಕೌಂಟರಿನ ಗಾಜಿನ ಮೇಲೆ ದಸ್ತಗೀರ್ ಸಾಬರು
ಗೇಣುದ್ದದ ಪೈಪಿನ ತುಂಡೊಂದನ್ನು ಇಟ್ಟರು.
ಸೀಗೆಹಟ್ಟಿಯ ಯಾವುದೋ ಮನೆಯ ನೆಲದಡಿಯಿಂದ ಕಿತ್ತದ್ದು;
ನಲವತ್ತು ವರ್ಷ ತುಂಗೆಯ ನೀರು ಕುಡಿದದ್ದು.

"ಬಗ್ಗಿ ನೋಡಿ ಮೇಡಂ."
ಹೊರಗೆ ಹೆಬ್ಬೆರಳಿನ ಗಾತ್ರ,
ಒಳಗೆ ಕಿರುಬೆರಳೂ ತೂರದ ದಾರಿ.
ಕೆಂಪು, ಕಂದು, ಕಪ್ಪು, ಪದರದ ಮೇಲೆ ಪದರ,
ಹಾಲು ಸೀದ ಪಾತ್ರೆಯ ತಳದಂತೆ.

"ನಂದೂ ಹಿಂಗೇ ಇತ್ತಂತೆ. ಟಿವಿಯಲ್ಲಿ ತೋರಿಸಿದರು ಡಾಕ್ಟರು."
ಮಣಿಕಟ್ಟಿನಲ್ಲಿ ಇನ್ನೂ ಹತ್ತಿ, ಪಟ್ಟಿ.

ಆರು ವರ್ಷ ನಾನೇ ಕೊಟ್ಟಿದ್ದೆ.
ತಿಂಗಳಿಗೆ ಮೂರು ಸ್ಟ್ರಿಪ್ಪು, ಹಸಿರು ಮಣಿಯಂಥ ಗುಳಿಗೆ,
ಜೊತೆಗೆ ಕಿತ್ತಳೆ ಬಣ್ಣದ್ದೊಂದು, ಹುಳಿಹುಳಿ, ಚೀಪುವಂಥದ್ದು.
ರೆಪ್ ಹುಡುಗನ ಪಾಠ ನನಗೆ ಬಾಯಿಪಾಠ:
ರಕ್ತದ ಕೊಬ್ಬಿಗೆ ತುಕ್ಕು ಹಿಡಿಯುತ್ತದೆ,
ತುಕ್ಕು ಹಿಡಿದದ್ದು ಗೋಡೆಗೆ ಅಂಟುತ್ತದೆ,
ಇದು ತುಕ್ಕನ್ನೇ ತಡೆಯುತ್ತದೆ.
ಪ್ಲಂಬರಿಗೆ ಬೇರೆ ಹೇಳಬೇಕೆ ತುಕ್ಕಿನ ವಿಷಯ?
ತಲೆಯಾಡಿಸಿ ಚಿಲ್ಲರೆ ಎಣಿಸಿದ್ದರು.

ಬೆಲ್ಲದ ಹಾಗೆ ಗಂಟಲಿಗೆ ಇಳಿಯುವ ಮಾತು.
ರಕ್ತ ಮಾತ್ರ ಕೇಳಲಿಲ್ಲ.
ಸಾವಿರಾರು ಜನಕ್ಕೆ ಇದನ್ನು ಕೊಟ್ಟು,
ಇನ್ನು ಸಾವಿರಾರು ಜನಕ್ಕೆ ಬರೀ ಹಿಟ್ಟಿನ ಗುಳಿಗೆ ಕೊಟ್ಟು
ವರ್ಷಗಟ್ಟಲೆ ಕಾದು ಎಣಿಸಿದ್ದಾರೆ:
ಎರಡೂ ಕಡೆ ಎದೆಗಳು
ಹೆಚ್ಚುಕಡಿಮೆ ಒಂದೇ ಲೆಕ್ಕದಲ್ಲಿ ನಿಂತವು.
ಸುದ್ದಿ ಹಳೆಯದು.
ನಾನು ಫಾರ್ಮಸಿ ಓದುವಾಗಲೇ ಹಳೆಯದು.

ಅವರು ಬೈಯಲಿಲ್ಲ.
ಬಿಪಿ ಮಾತ್ರೆಯನ್ನು ಯಾಕೆ ದಿನ ಬಿಟ್ಟು ದಿನ ತಗೊಂಡಿರಿ ಅಂತ
ನಾನೇ ಕೇಳಿದೆ, ಗದರಿಸುವ ಹಾಗೆ.
"ಎರಡಕ್ಕೂ ದುಡ್ಡು ಸಾಲಬೇಕಲ್ಲ," ಅಂದರು.

ಆಮೇಲೆ, ಪೈಪನ್ನು ಮತ್ತೆ ಪೇಪರಿನಲ್ಲಿ ಸುತ್ತುತ್ತಾ,
"ನೀವು ತಗೊಳ್ತಿದ್ರಾ?"

ನೆಹರೂ ರಸ್ತೆಯಲ್ಲಿ ಬಸ್ಸೊಂದು ಉದ್ದಕ್ಕೆ ಹಾರನ್ ಹೊಡೆಯಿತು.
ಅದೂ ಮುಗಿಯಿತು.

ಉಳಿದ ಒಂದೂವರೆ ಸ್ಟ್ರಿಪ್ಪು ವಾಪಸು ಇಟ್ಟರು.
ದುಡ್ಡು ಕೊಡಹೋದೆ, ಬೇಡ ಅಂದರು,
ಬಿಪಿಯದ್ದು ಮಾತ್ರ ಪೂರ್ತಿ ತಿಂಗಳಿನದು ಕೊಡಿ.

ರಾತ್ರಿ ಶಟರ್ ಎಳೆದರೆ ಎಂದಿನಂತೆ ಅರ್ಧಕ್ಕೆ ಸಿಕ್ಕಿಕೊಂಡಿತು.
ಪಿನ್ನಿನಿಂದ ಒಂದು ಹಸಿರು ಗುಳಿಗೆ ಚುಚ್ಚಿ
ಎಣ್ಣೆಯನ್ನು ಅದರ ಕಾಲುವೆಗೆ ಹಿಂಡಿದೆ.
ಕಬ್ಬಿಣಕ್ಕಾದರೂ ಆಗಲಿ.
ಸರಕ್ಕನೆ ಇಳಿಯಿತು.

ಬೆಳಿಗ್ಗೆ ಎತ್ತುವಾಗ
ಅದೇ ಜಾಗದಲ್ಲಿ ನಿಂತಿತು.